ಗಾಡಿಯ ನೆತ್ತಿ

ನಮ್ಮ ಮನೆಯ ಬೈಕು ನಿಲ್ಲುವುದರಲ್ಲೂ ಒಂದು ಶಿಸ್ತಿತ್ತು. ಊರೊಳಗೆ ಎಂದೂ ನಿಲ್ಲುತ್ತಿರಲಿಲ್ಲ. ಬಾಗಲಕೋಟೆಯ ನಮ್ಮ ಮನೆಯಿಂದ ನಾನು ಕೆಲಸ ಮಾಡುವ ಕೋರ್ಟಿಗೆ, ಕೋರ್ಟಿನಿಂದ ಬಜಾರಕ್ಕೆ, ಬಜಾರದಿಂದ ಮನೆಗೆ ಸಾಧು ಎತ್ತಿನ ಹಾಗೆ ನಡೆಯುತ್ತಿತ್ತು. ಇಳಕಲ್ಲಿನ ದಾರಿ ಹಿಡಿದು ಅರ್ಧ ತಾಸು ಓಡಿದ ಮೇಲೆಯೇ ಅದರ ತಕರಾರು. ಮೊದಲು ಎಳೆತ ಕಡಿಮೆಯಾಗುತ್ತಿತ್ತು, ಆಮೇಲೆ ಒಂದೆರಡು ಬಿಕ್ಕಳಿಕೆ, ಕೊನೆಗೆ ಮೌನ. ಕಪ್ಪು ಹೊಲಗಳ ನಡುವೆ ನಾನು, ಬೈಕು ಮತ್ತು ನಮ್ಮ ಆಯಿ.

ಆಯಿ ಅಂದರೆ ಅಪ್ಪನ ತಾಯಿ. ಆಕೆಯ ತಂಗಿ ಇಳಕಲ್ಲಿನಲ್ಲಿದ್ದಾಳೆ. ತಂಗಿಗೆ ಮೊಣಕಾಲು ನೋವು, ಹೊಸ್ತಿಲು ದಾಟುವುದೇ ಕಷ್ಟ. ಅಕ್ಕನಿಗೆ ಬಸ್ಸಿನ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಕಾರಿನಲ್ಲಿ ಕಿಟಕಿ ತೆರೆದು ಕೂತರೂ ಅದೇ ಗತಿ. ಗಾಳಿಗೆ ಮುಖ ಕೊಟ್ಟು ಕೂರುವ ಬೈಕೊಂದೇ ಆಕೆಗೆ ಒಗ್ಗಿದ ವಾಹನ. ಹಾಗಾಗಿ ಪ್ರತಿ ಅಮಾವಾಸ್ಯೆಗೆ ಸೆರಗನ್ನು ಪಿನ್ನು ಹಾಕಿ ಬಿಗಿದು, ನನ್ನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತು ಇಳಕಲ್ಲಿಗೆ ಹೊರಡುತ್ತಿದ್ದಳು. ಹೋಗಿ ಮಾಡುವುದೇನು ಅಂದರೆ ವಾದ. ತಮ್ಮ ಅವ್ವನಿಗೆ ಇಬ್ಬರಲ್ಲಿ ಯಾರ ಮೇಲೆ ಪ್ರೀತಿ ಹೆಚ್ಚಿತ್ತು ಎಂಬ ವಿಷಯದ ಮೇಲೆ ಅಕ್ಕತಂಗಿಯರು ನಾನು ಹುಟ್ಟುವ ಮೊದಲಿನಿಂದಲೂ ಚರ್ಚೆ ನಡೆಸಿದ್ದಾರೆ. ಗಂಟೆ ಬಾರಿಸುವವರಿಲ್ಲ, ನಿರ್ಣಾಯಕರೂ ಇಲ್ಲ. ಕಾಲೇಜಿನಲ್ಲಿ ನಾನು ಗೆದ್ದ ಚರ್ಚಾ ಸ್ಪರ್ಧೆಗಳ ಢಾಲುಗಳು ಮನೆಯ ಶೋಕೇಸಿನಲ್ಲಿವೆ. ಆ ವಿದ್ಯೆ ಯಾವ ಕಡೆಯಿಂದ ಬಂತೆಂದು ನಾನು ಯಾರನ್ನೂ ಕೇಳಬೇಕಾಗಿಲ್ಲ.

ಹೊರಡುವ ಮೊದಲು ಬೈಕಿಗೆ ಪೂಜೆ. ಚಕ್ರಕ್ಕೆ ನಿಂಬೆಹಣ್ಣು, ಮುಂದಿನ ದೀಪಕ್ಕೆ ಕುಂಕುಮ. ಆಮೇಲೆ ಟಾಂಕಿಯ ಮುಚ್ಚಳದ ಸರದಿ. ಆಯಿ ಅಂಗೈಗೆ ನಾಲ್ಕು ಹನಿ ಕೊಬ್ಬರಿಎಣ್ಣೆ ಹಾಕಿಕೊಂಡು ಮುಚ್ಚಳಕ್ಕೆ ತಟ್ಟಿ ತಟ್ಟಿ ತಿಕ್ಕುತ್ತಿದ್ದಳು. ಕೂಸಿಗೆ ಎರೆಯುವಾಗ ನೆತ್ತಿಗೆ ಎಣ್ಣೆ ಒತ್ತುವ ಹಾಗೆ. ಅದರ ಮೇಲೆ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ದಪ್ಪಗೆ ಬಳಿಯುತ್ತಿದ್ದಳು, ಕೀಲಿ ಹಾಕುವ ಕಿಂಡಿಯೊಂದನ್ನು ಜತನದಿಂದ ಬಿಟ್ಟು.

“ಆಯಿ, ಶರಣರು ಕಬ್ಬಿಣಕ್ಕ ಕೈ ಮುಗೀರಿ ಅಂತ ಎಲ್ಲರೆ ಹೇಳ್ಯಾರೇನಬೇ?”

“ಶರಣರ ಕಾಲಕ್ಕ ಗಾಡಿ ಇದ್ದೂವೇನು? ಇದ್ದಿದ್ರ ಹೇಳ್ತಿದ್ರು. ಸುಮ್ನ ಹಿಡಿ ಆ ಎಣ್ಣಿ ಬಾಟ್ಲಿ.”

ಹಿಡಿಯುತ್ತಿದ್ದೆ. ನಂಬಿಕೆ ನನ್ನದಲ್ಲ, ಬಾಟಲಿ ಹಿಡಿಯುವುದರಿಂದ ನಷ್ಟವೇನೂ ಇಲ್ಲ ಎಂಬುದು ನನ್ನ ನಿಲುವಾಗಿತ್ತು.

ಬೈಕು ನಿಲ್ಲತೊಡಗಿದ ಮೇಲೆ ಮಿಸ್ತ್ರಿಗೆ ತೋರಿಸಿದೆವು. ಪೆಟ್ರೋಲು ಎಂಜಿನ್ನಿಗೆ ಸರಿಯಾಗಿ ಇಳಿಯುತ್ತಿಲ್ಲ ಎಂದು ಲಕ್ಷಣ ಕೇಳಿದ ಕೂಡಲೇ ಹೇಳಿದ. ಕಾರ್ಬೊರೇಟರ್ ಬಿಚ್ಚಿ ತೊಳೆದ, ಪೆಟ್ರೋಲಿನ ಪೈಪು ಹೊಸದು ಹಾಕಿದ, ಟಾಂಕಿಯ ಕೆಳಗೆ ಪೆಟ್ರೋಲು ಬಿಡುವ ಕಾಕು ಬದಲಿಸಿದ. ತನ್ನ ಅಂಗಡಿಯ ಸುತ್ತ ನಾಲ್ಕು ರೌಂಡು ಹೊಡೆದು ಬಂದು, “ಗಾಡಿ ಮಸ್ತ್ ಐತ್ರಿ ಮೇಡಂ” ಅಂದ. ಖರೆಯೇ. ದವಾಖಾನೆಯ ಬಾಗಿಲಿಗೆ ಬಂದ ಕೂಡಲೇ ಜ್ವರ ಇಳಿಯುವ ರೋಗಿ ಅದು. ಮುಂದಿನ ಅಮಾವಾಸ್ಯೆಗೆ ಅಮೀನಗಡ ದಾಟುವುದರೊಳಗೆ ಮತ್ತೆ ಬಿಕ್ಕಳಿಸಿತು.

ನಿಂತಾಗಲೆಲ್ಲ ನಾವಿಬ್ಬರೂ ನಮ್ಮ ನಮ್ಮ ಕೆಲಸ ಮಾಡುತ್ತಿದ್ದೆವು. ನಾನು ಮುಚ್ಚಳ ತೆಗೆದು, ಬೈಕನ್ನು ಅಲ್ಲಾಡಿಸಿ ಪೆಟ್ರೋಲು ನೋಡಿ, ಮುಚ್ಚಳ ಹಾಕುತ್ತಿದ್ದೆ. ಆಯಿ ಸೊಂಟದ ಚೀಲದಿಂದ ವಿಭೂತಿ ತೆಗೆದು, ಬಾಟಲಿಯ ನೀರಿನಲ್ಲಿ ತೋಯಿಸಿ ಮುಚ್ಚಳಕ್ಕೆ ಮತ್ತೊಂದು ಕೈ ಬಳಿಯುತ್ತಿದ್ದಳು. ಕಿಕ್ ಹೊಡೆದರೆ ಗಾಡಿ ಚಾಲು!

“ನೋಡಿದಿ?” ಅನ್ನುತ್ತಿದ್ದಳು ಆಯಿ.

ಏನು ನೋಡುವುದು? ಒಂದಾದ ಮೇಲೊಂದು ನಡೆದ ಮಾತ್ರಕ್ಕೆ ಮೊದಲಿನದು ಕಾರಣ, ಎರಡನೆಯದು ಪರಿಣಾಮ ಆಗುವುದಿಲ್ಲ ಎಂದು ನಾನು ಹಿಂದಿರುಗಿ ನೋಡುತ್ತಲೇ ವಾದಿಸುತ್ತಿದ್ದೆ. “ಮುಂದ ನೋಡಿ ಹೊಡಿ” ಎಂದು ಆಕೆ ನನ್ನ ಖಂಡನೆಯನ್ನು ಖಂಡಿಸುತ್ತಿದ್ದಳು.

ಕಳೆದ ಸಲ ಮಾತ್ರ ಯಾರ ವಿದ್ಯೆಯೂ ನಡೆಯಲಿಲ್ಲ. ಕಿಕ್ ಹೊಡೆದು ಹೊಡೆದು ನನ್ನ ಕಾಲು ಸೋತಿತು; ಪ್ಲಗ್ಗೂ ಪೆಟ್ರೋಲು ಕುಡಿದು ಸೋತಿತ್ತೆಂದು ಮಿಸ್ತ್ರಿ ಆಮೇಲೆ ಹೇಳಿದ. ಬೈಕನ್ನು ಉಳ್ಳಾಗಡ್ಡಿ ತುಂಬಿದ ಟೆಂಪೋಗೆ ಏರಿಸಿ, ಆಯಿಯನ್ನು ಡ್ರೈವರನ ಪಕ್ಕ ಕೂರಿಸಿ ಮನೆಗೆ ತಂದೆ. ದಾರಿಯುದ್ದಕ್ಕೂ ಆಕೆಗೆ ವಾಂತಿ. ಅಪ್ಪ ಬಾದಾಮಿಯಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ರೈಲಿಗೆ ಬಂದವನು ಬಾಗಿಲಲ್ಲೇ ತಾಯಿಯ ಮುಖ ನೋಡಿದ.

“ಇನ್ನೊಮ್ಮೆ ಹಾದ್ಯಾಗ ನಿಂತ್ರ ಇದನ್ನ ಗುಜರಿಗೆ ಹಾಕ್ತೇನಿ,” ಅಂದ. “ನಗಚಾಟಿಕಿಗೆ ಹೇಳಾಕತ್ತಿಲ್ಲ. ಇಳಕಲ್ಲೂ ಸಾಕು, ಅಮಾಸೀನೂ ಸಾಕು. ಫೋನ್ ಮ್ಯಾಲೆ ಮಾತಾಡ್ಕೊಳ್ರಿ.”

ಯಾವ ಮಾತಿಗೂ ಮರುಮಾತು ಇಲ್ಲದೆ ಬಿಡದ ಆಯಿ ನೆಟ್ಟಗೆ ಒಳಗೆ ಹೋಗಿ, ತಂಗಿಯ ಮನೆಗೆಂದೇ ಇಟ್ಟುಕೊಂಡ ಸೀರೆಯನ್ನು ಮಡಿಸಿ ಟ್ರಂಕಿನ ತಳಕ್ಕೆ ಇಟ್ಟಳು. ಮೇಲಲ್ಲ, ತಳಕ್ಕೆ. ಅದನ್ನು ನೋಡಿದ ಮೇಲೆ ನನಗೆ ಈ ಬೈಕಿನ ರೋಗ ಕಂಡುಹಿಡಿಯಲೇಬೇಕು ಅನ್ನಿಸಿತು. ಫೋನಿನಲ್ಲಿ ಆ ಇಬ್ಬರೂ ವಾದ ಮಾಡಲಾರರು. ಒಬ್ಬಳಿಗೆ ಕಿವಿ ಮಂದ, ಇನ್ನೊಬ್ಬಳಿಗೆ ಕೈಬೀಸದೆ ಮಾತು ಬರುವುದಿಲ್ಲ.

ಅಪ್ಪನನ್ನು ಹೇಗೋ ಒಪ್ಪಿಸಿ, ಇದೊಂದು ಸಲ ಎಂದು ಮಾತು ಕೊಟ್ಟು, ಮುಂದಿನ ಅಮಾವಾಸ್ಯೆಗೆ ಹೊರಟೆವು. ಆಯಿ ಅಂದು ಎಣ್ಣೆ, ವಿಭೂತಿ ಎರಡನ್ನೂ ಕೈಬಿಚ್ಚಿ ಹಚ್ಚಿದ್ದಳು. ಕಮತಗಿ ಇನ್ನೂ ಬಂದಿರಲಿಲ್ಲ, ಬೈಕು ಬಿಕ್ಕಳಿಸಿತು. ಇಷ್ಟು ಬೇಗ ಎಂದೂ ನಿಂತಿರಲಿಲ್ಲ. ಬೇವಿನ ಗಿಡವೊಂದರ ಕೆಳಗೆ ತಂದು ನಿಲ್ಲಿಸಿದೆ. ಆಯಿ ಇಳಿದು, ಬಾಗಲಕೋಟೆಯ ಕಡೆ ಒಮ್ಮೆ, ಇಳಕಲ್ಲಿನ ಕಡೆ ಒಮ್ಮೆ ನೋಡಿದಳು.

ಗ್ರಾನೈಟ್ ಕಲ್ಲು ಹೇರಿಕೊಂಡ ಲಾರಿಯೊಂದು ನಿಧಾನಿಸಿತು. ಕ್ಲೀನರ್ ತಲೆ ಹೊರಹಾಕಿ, “ಯಾಕ್ರೆವ್ವಾ, ಗಾಡೀನೂ ಅಮಾಸಿ ಉಪಾಸ ಹಿಡದೈತೇನು?” ಎಂದು ಕೂಗಿದ.

“ನಿಮ್ಮಪ್ಪನ ಗಾಡಿ ಹಿಡೀಲಿ ಉಪಾಸ, ಹೋಗಲೇ!” ಆಯಿಗೆ ಜೀವ ಬಂತು.

ಅಷ್ಟಾದ ಮೇಲೆ ಇಬ್ಬರ ಕೈಗಳೂ ಒಟ್ಟಿಗೇ ಮುಚ್ಚಳದ ಕಡೆ ಹೋದವು. ನನ್ನ ಕೈಯಲ್ಲಿ ಕೀಲಿ, ಆಕೆಯ ಕೈಯಲ್ಲಿ ವಿಭೂತಿ. ಆಗ ಹೊಳೆಯಿತು. ಇಷ್ಟು ದಿನ ನಾವು ಎರಡು ಔಷಧಿಗಳನ್ನು ಒಟ್ಟಿಗೇ ಕೊಟ್ಟು, ಗುಣ ಯಾವುದರಿಂದ ಬಂತೆಂದು ಜಗಳಾಡುತ್ತಿದ್ದೆವು. ಮೊದಲ ವರ್ಷದ ಚರ್ಚಾಪಟುವೂ ಮಾಡದ ತಪ್ಪು.

“ಆಯಿ, ಈ ಸಲ ಒಬ್ಬೊಬ್ಬರs. ಮೊದಲ ನೀ. ನಾ ಮುಚ್ಚಳಾ ಮುಟ್ಟಂಗಿಲ್ಲ.”

“ಪರೀಕ್ಷಾ ಮಾಡ್ತಿ? ಮಾಡು. ದೇವರಿಗೇನು ಅಂಜಿಕಿ?”

ಆಯಿ ವಿಭೂತಿ ಬಳಿದು ಕಣ್ಣು ಮುಚ್ಚಿ ಮಣಮಣ ಅಂದಳು. ಕಿಕ್ ಹೊಡೆದೆ. ಇಲ್ಲ. “ತಡಿ, ಇನ್ನೂ ಮುಗಿದಿಲ್ಲ,” ಅಂದಳು. ಗಿಡದ ಬೊಡ್ಡೆಗೆ ಒರಗಿ ಕೂತು ಮತ್ತೆ ಶುರುಮಾಡಿದಳು. ನಾನು ಬೇವಿನ ಕಡ್ಡಿ ಅಗಿಯುತ್ತ ಕಾದೆ. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, “ಹೊಡಿ ಈಗ” ಅಂದಳು.

ಹೊಡೆದೆ. ಚಾಲು ಆಯಿತು.

ಆ ಕ್ಷಣ ಆಕೆಯ ಮುಖದಲ್ಲಿದ್ದದ್ದನ್ನು ನಾನು ಯಾವ ವೇದಿಕೆಯ ಮೇಲೂ ಕಂಡಿಲ್ಲ. ಗೆದ್ದವಳು ಸೋತವಳ ಬೆನ್ನು ತಟ್ಟಿದಳು. “ಹೋಗ್ಲಿ ಬಿಡವ್ವಾ, ಸಣ್ಣಾಕಿ ನೀ.”

ಆದರೆ ಕಮತಗಿ ದಾಟುತ್ತಿದ್ದ ಹಾಗೇ ಮತ್ತೆ ಬಿಕ್ಕಳಿಕೆ, ಮತ್ತೆ ಮೌನ.

“ಯಾಕಬೇ, ಭಕ್ತಿ ಇಷ್ಟ ಜಲ್ದಿ ಖಾಲಿ ಆತೇನು?”

“ನೀ ಹಿಂದ ನಕ್ಕಿ. ಅದಕ್ಕ.”

“ಮುಂದ ಕುಂತಾಕಿ ಹಿಂದ ಹೆಂಗ ನಗ್ತೇನಿ? ಇರ್ಲಿ, ಈಗ ನನ್ನ ಪಾಳಿ. ವಿಭೂತಿ ಚೀಲ ಒಳಗ ಇಡು.”

ಕೀಲಿ ತಿರುಗಿಸಿ ಮುಚ್ಚಳ ಎತ್ತಿದೆ. ಸುಂಯ್ ಎಂದು ಸದ್ದಾಯಿತು. ಹಿಂದೆಯೂ ಆಗಿರಬೇಕು, ನಮ್ಮ ವಾದದ ಗದ್ದಲದಲ್ಲಿ ಕೇಳಿರಲಿಲ್ಲ. ಟಾಂಕಿ ಗಾಳಿಯನ್ನು ಒಳಗೆ ಎಳೆದುಕೊಂಡ ಸದ್ದು ಅದು, ನೀರಿನೊಳಗೆ ಮುಳುಗಿ ಮೇಲೆದ್ದವರು ಉಸಿರೆಳೆದುಕೊಳ್ಳುವ ಹಾಗೆ. ಮುಚ್ಚಳ ಹಾಕಿ ಕಿಕ್ ಹೊಡೆದರೆ ಎರಡನೆಯದಕ್ಕೇ ಚಾಲು. ಬಂದ್ ಮಾಡಿ ಮುಚ್ಚಳವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ. ಒಳಬದಿಯಲ್ಲಿ ಸಣ್ಣದೊಂದು ತೂತು. ಪೆಟ್ರೋಲು ಕೆಳಗೆ ಇಳಿದಷ್ಟೂ ಮೇಲಿನಿಂದ ಗಾಳಿ ಒಳಗೆ ಬರಲೆಂದು ಬಿಟ್ಟದ್ದು. ಗಾಳಿ ಬಾರದಿದ್ದರೆ ಪೆಟ್ರೋಲು ಇಳಿಯುವುದಿಲ್ಲ; ಊರೊಳಗಿನ ಸಣ್ಣ ಓಡಾಟದಲ್ಲಿ ಅದು ಗೊತ್ತಾಗಿರಲಿಲ್ಲ ಅಷ್ಟೆ. ಆ ತೂತಿನ ಹೊರಬಾಯಿ ಎಲ್ಲಿ ಎಂದು ಮೇಲ್ಬದಿ ನೋಡಿದರೆ ತೂತೇ ಇಲ್ಲ. ಎಣ್ಣೆ, ವಿಭೂತಿ, ಎಣ್ಣೆ, ವಿಭೂತಿ. ಅಮಾವಾಸ್ಯೆಯ ಮೇಲೆ ಅಮಾವಾಸ್ಯೆ ಕೂತು ಗಿಲಾವು ಮಾಡಿದ ಗೋಡೆಯಂತೆ ನುಣ್ಣಗೆ ಗಟ್ಟಿಯಾಗಿತ್ತು. ನಿಂತಾಗಲೆಲ್ಲ ಆಯಿ ಹಚ್ಚಿದ ಔಷಧಿ ರೋಗದ ಮೇಲೆ ಇನ್ನೊಂದು ಪದರವಾಗಿತ್ತು. ಬೇವಿನ ಗಿಡದ ಕೆಳಗೆ ಆಕೆ ಗೆದ್ದದ್ದು, ಅಷ್ಟು ಹೊತ್ತು ಕಾದಾಗ ಎಲ್ಲಿಂದಲೋ ಒಂದಿಷ್ಟು ಗಾಳಿ ನುಸುಳಿದ್ದರಿಂದ.

ಇಂಥ ಗೆಲುವು ಚರ್ಚಾಪಟುವಿಗೆ ಜನ್ಮದಲ್ಲಿ ಒಮ್ಮೆ ಸಿಗುತ್ತದೆ. ಪೂಜೆಯಿಂದ ಉಪಯೋಗವಿಲ್ಲ ಎಂದು ವಾದಿಸುತ್ತಿದ್ದವಳಿಗೆ, ಪೂಜೆಯೇ ರೋಗಕ್ಕೆ ಕಾರಣ ಎಂಬ ಪುರಾವೆ ಅಂಗೈಯಲ್ಲಿತ್ತು. ಬಾಯಿ ತೆರೆದೆ. ಆಯಿ ಮುಚ್ಚಳವನ್ನು ನೋಡುತ್ತಿದ್ದಳು.

“ಇದು ನಾ ಹಚ್ಚಿದ್ದ ಏನು?” ಅಂದಳು ಮೆಲ್ಲಗೆ.

“ಹೂಂನಬೇ. ಇಲ್ಲೊಂದು ತೂತ ಐತಿ ನೋಡು. ಗಾಡಿ ಉಸರಾಡೂದು ಇದರಾಗ.”

“ನಾ ನೆತ್ತಿ ಅಂತ ತಿಳದಿದ್ನೆವ್ವಾ.” ತೂತಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, “ಮೂಗು ಇಲ್ಲಿ ಇರ್ತೈತಿ ಅಂತ ಯಾರು ಹೇಳ್ಯಾರ? ನಿನಗs ಗೊತ್ತಿತ್ತೇನು?”

ನನಗೂ ಗೊತ್ತಿರಲಿಲ್ಲ. ಆಕೆ ಸೆರಗಿನ ಪಿನ್ನು ಬಿಚ್ಚಿ, “ತಾ ಇಲ್ಲೆ, ನಾ ಹಚ್ಚಿದ್ದು ನಾನs ತಗೀತೇನಿ” ಎಂದು ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡಳು. ಮಕ್ಕಳ ಕಿವಿ ಸ್ವಚ್ಛ ಮಾಡುವ ಹಾಗೆ, ಪೆಟ್ಟಾಗದಂತೆ, ಕೆರೆದಳು. ಉದುರಿದ ಪುಡಿ ನೆಲಕ್ಕೆ ಬೀಳದಂತೆ ಎಡಗೈಯಲ್ಲಿ ಹಿಡಿದಳು. ಕೊನೆಗೆ ಮುಚ್ಚಳಕ್ಕೆ ಬಾಯಿ ಹಚ್ಚಿ ಉಫ್ ಎಂದು ಊದಿದಳು. ಗಾಳಿ ಇನ್ನೊಂದು ಬದಿಗೆ ದಾಟಿ ನನ್ನ ಬೆರಳಿಗೆ ತಾಗಿತು.

“ಆ ಮಿಸ್ತ್ರಿಗೂ ಗೊತ್ತಾಗ್ಲಿಲ್ಲ,” ಅಂದಳು, ದನಿ ಮೊದಲಿನಂತಾಗಿತ್ತು. “ಓಡೂ ಗಾಡೀನ ನಿಂದ್ರಸ್ತೈತಿ ಅಂದ್ರ, ನನ್ನ ವಿಭೂತಿಗೆ ಎಷ್ಟು ಶಕ್ತಿ ಇರಬೇಕು ನೀನs ಹೇಳು.”

ನಾನು ಮುಚ್ಚಳವನ್ನು ಟಾಂಕಿಗೆ ಹಾಕಿ ಕೀಲಿ ತಿರುಗಿಸಿದೆ.

ಎಡಗೈಯಲ್ಲಿದ್ದ ಪುಡಿಯನ್ನು ಏನು ಮಾಡುವುದು? ವಿಭೂತಿಯನ್ನು ಕಾಲಡಿಗೆ ಚೆಲ್ಲುವಂತಿಲ್ಲ. ಆಯಿ ಆಚೀಚೆ ನೋಡಿ, ನನ್ನ ಹಣೆಗೆ ಮೂರು ಬೆರಳು ಎಳೆದಳು. “ಹಣೀ ಅಂದ್ರ ಇದು. ಇದರಾಗ ತೂತಿಲ್ಲ.” ಪೆಟ್ರೋಲು, ಕೊಬ್ಬರಿಎಣ್ಣೆ, ಬೂದಿ ಮೂರೂ ಕೂಡಿದ ವಾಸನೆ ಹೊತ್ತುಕೊಂಡೇ ನಾನು ಹುನಗುಂದ ದಾಟಿದೆ. ಬೈಕು ಒಮ್ಮೆಯೂ ಬಿಕ್ಕಳಿಸಲಿಲ್ಲ.

ಇಳಕಲ್ಲಿನಲ್ಲಿ ಸಣ್ಣ ಆಯಿ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. “ಏನಕ್ಕಾ ಇದು, ಮೊಮ್ಮಗಳನ್ನ ಪೆಟ್ರೋಲದಾಗ ಎರದು ತಂದೀಯೇನು?” ಅಕ್ಕ ತಂಗಿಯ ಕೈ ಹಿಡಿದು ಒಳಗೆ ಕೂರಿಸಿ, ಉಸಿರು ಬಿಡುವ ಮೊದಲೇ ಅವ್ವನ ಪ್ರೀತಿಯ ವಿಷಯ ಎತ್ತಿದಳು. ನಾನು ಅಪ್ಪನಿಗೆ ಫೋನು ಮಾಡಿ, ಮುಟ್ಟಿದೆವು, ರೋಗ ಸಿಕ್ಕಿದೆ, ಗಾಳಿಯ ತೂತು ಕಟ್ಟಿತ್ತು ಅಂದೆ. ವಾದ ಒಮ್ಮೆಲೇ ನಿಂತಿತು. ಆಯಿ ನನ್ನನ್ನೇ ನೋಡತೊಡಗಿದಳು.

“ಯಾತರಿಂದ ಕಟ್ಟಿತ್ತು?” ಅಪ್ಪ ಕೇಳಿದ.

“ಧೂಳು, ಅಪ್ಪಾ. ಹಾದೀದು.”

“ಹಂಗಾರ ಇರ್ಲಿ ಬಿಡು ಗಾಡಿ,” ಅಂದ ಅಪ್ಪ. ಫೋನಿಟ್ಟೆ. ಆಯಿ ಸಮಾಧಾನಪಟ್ಟಾಳು, ಕಣ್ಣಲ್ಲೇ ಆದರೂ ಏನಾದರೂ ಅಂದಾಳು ಎಂದು ಕಾದೆ.

“ಏನಂದಿ?” ಆಕೆ ಸೊಂಟದ ಮೇಲೆ ಕೈಯಿಟ್ಟಳು. “ವಿಭೂತಿಗೆ ಧೂಳ ಅಂದೀ? ಕೇಳಿದೇನs ತಂಗೀ, ಇಕಿ ವಿಭೂತಿಗೆ ಧೂಳ ಅಂತಾಳ!”