ಎಡಗಡೆಯ ಶೀಶೆ

ಖೈನ್ಜಾಳ ಮಗು ಹುಟ್ಟಿದ ಆರನೆಯ ದಿನ ತೀರಿಕೊಂಡಿತು. ಮಣ್ಣು ಮಾಡಿದ ಮರುದಿನವೇ ಗಂಡ ಮಫಾಬಿ ದೂರದ ಟೊರೊರೊ ಊರಿನ ಕಲ್ಲುಕ್ವಾರಿಯ ಕೆಲಸಕ್ಕೆ ಹಿಂದಿರುಗಿದ. ಹಾಲು ಮಾತ್ರ ನಿಲ್ಲಲಿಲ್ಲ.

ಅವಳ ತಾಯಿ, ಅಕ್ಕ ಇಬ್ಬರೂ ಸ್ತನದ ಕ್ಯಾನ್ಸರಿನಿಂದ ಹೋದವರು. ಗಂಟು ಕೈಗೆ ಸಿಗುವ ಮೊದಲೇ ಎದೆಹಾಲಿನಲ್ಲಿ ರೋಗದ ಗುರುತು ಸಿಕ್ಕೀತೇ ಎಂದು ಕೆಳಗಿನ ಎಂಬಾಲೆ ಪಟ್ಟಣದ ಆಸ್ಪತ್ರೆಯಲ್ಲಿ ಕೆಲವು ಡಾಕ್ಟರುಗಳು ಹುಡುಕುತ್ತಿದ್ದರು. ಹೆತ್ತ ಮೇಲೆ ಪರೀಕ್ಷೆಗೆ ಹಾಲು ಕೊಡುತ್ತೇನೆಂದು ಬಸುರಿಯಾಗಿದ್ದಾಗಲೇ ಖೈನ್ಜಾ ಅವರಲ್ಲಿ ಹೆಸರು ಬರೆಸಿದ್ದಳು. ಮಗು ಹೋದದ್ದು ತಿಳಿದು, ಆ ಹೆಸರನ್ನು ತೆಗೆದುಹಾಕುವುದಾಗಿ ಹೇಳಲು ನರ್ಸ್ ನಗುಡಿ ಅವಳ ಊರಿದ್ದ ಬೆಟ್ಟ ಹತ್ತಿ ಬಂದಳು.

"ನೀನಿನ್ನು ಬರೋದು ಬೇಡಮ್ಮ. ಎದೆಗೆ ಬಟ್ಟೆ ಬಿಗಿದು ಕಟ್ಕೋ, ತಾನಾಗೇ ಬತ್ತುತ್ತೆ."

"ನಿಮಗೆ ಬೇಕಾಗಿದ್ದು ಹಾಲೋ, ಮಗುನೋ ಸಿಸ್ಟರ್?"

"ಡಾಕ್ಟರನ್ನ ಕೇಳಿ ಹೇಳ್ತೀನಿ," ಎಂದು ನಗುಡಿ ಇಳಿದು ಹೋದಳು. ಡಾಕ್ಟರು ಒಪ್ಪಿದರು.

ಪ್ರತಿ ಮಂಗಳವಾರ ಖೈನ್ಜಾ ಆಸ್ಪತ್ರೆಗೆ ನಡೆದಳು. ಅಲ್ಲಿ ಬೆಂಚಿನ ತುಂಬ ಕೂಸುಗಳು. ಮೊದಲ ವಾರ ಪಕ್ಕದವಳು, "ಪಾಪುನ ಯಾರ ಹತ್ರ ಬಿಟ್ಟು ಬಂದೆ?" ಎಂದು ಕೇಳಿದಳು.

"ಅಜ್ಜಿ ಹತ್ರ," ಎಂದುಬಿಟ್ಟಳು ಖೈನ್ಜಾ. ಮುಂದಿನ ವಾರದಿಂದ ಹೊರಗೆ ಮರದ ಕೆಳಗೆ ಕೂತಿದ್ದು, ಕರೆದಾಗಷ್ಟೇ ಒಳಗೆ ಹೋದಳು.

ಎಡ ಎದೆಯ ಹಾಲು ಒಂದು ಶೀಶೆಗೆ, ಬಲದ್ದು ಇನ್ನೊಂದಕ್ಕೆ. ಊರಲ್ಲಿ ಆ ಮಗುವಿನ ಸುದ್ದಿ ಎತ್ತುವವರೇ ಇರಲಿಲ್ಲ. ಇಲ್ಲಿ, ಹೆತ್ತು ಎಷ್ಟು ದಿನವಾಯಿತೆಂದು ನಗುಡಿ ಪ್ರತಿ ಸಲವೂ ಶೀಶೆಯ ಚೀಟಿಯ ಮೇಲೆ ಬರೆಯುತ್ತಿದ್ದಳು.

ಹನ್ನೊಂದನೆಯ ವಾರ ಒಂದು ಹನಿಯೂ ಬರಲಿಲ್ಲ.

"ಇನ್ನೊಂಚೂರು ನೋಡಿ ಸಿಸ್ಟರ್."

"ಮುಗೀತು ಕಣಮ್ಮ."

ಆಮೇಲಿನ ಮಂಗಳವಾರವೂ ಅವಳು ಆಸ್ಪತ್ರೆಯ ದಾರಿಯಲ್ಲಿದ್ದ ಸಂತೆಯ ತನಕ ಇಳಿದು, ಸುಮ್ಮನೆ ವಾಪಸು ಬಂದಳು.

ತಿಂಗಳು ಕಳೆದ ಮೇಲೆ ನಗುಡಿ ಮತ್ತೆ ಬೆಟ್ಟ ಹತ್ತಿದಳು. "ಎಡಗಡೆ ಹಾಲಲ್ಲಿ ಏನೋ ಗುರುತು ಕಂಡಿದೆ. ಪರೀಕ್ಷೆನೇ ಹೊಸದು, ತಪ್ಪಾಗಿದ್ರೂ ಇರಬಹುದು. ಆದ್ರೆ ಸ್ಕ್ಯಾನ್ ಮಾಡಿಸ್ಲೇಬೇಕು."

ತಪ್ಪಾಗಿರಲಿಲ್ಲ. ಹೆಸರುಕಾಳಿನಷ್ಟು ಗಂಟು, ಒತ್ತಿ ನೋಡಿದರೂ ಕೈಗೆ ಸಿಗದಂಥದ್ದು. ಮಫಾಬಿ ಫೋನಿನಲ್ಲಿ, "ರಜಾ ಕೊಡಲ್ಲ ಕಣೇ. ನೀನು ಹೇಗೂ ಗಟ್ಟಿಗಿತ್ತಿ," ಎಂದ. ಒಪ್ಪಿಗೆಯ ಕಾಗದಕ್ಕೆ ಅವಳೊಬ್ಬಳೇ ಸಹಿ ಹಾಕಿದಳು. ಆಪರೇಷನ್ ಆದ ಮೇಲೆ ಪಕ್ಕದ ಮಂಚಗಳಿಗೆ ಬಂದ ನೆಂಟರು ತಾವು ತಂದ ಬೇಯಿಸಿದ ಬಾಳೆಕಾಯಿಯಲ್ಲಿ ಇವಳಿಗೂ ಒಂದು ತುತ್ತು ಕೊಡುತ್ತಿದ್ದರು.

"ಇಷ್ಟು ಬೇಗ ಸಿಕ್ಕಿದ್ದು ಒಳ್ಳೇದಾಯ್ತು. ನೀನು ಬದುಕ್ತೀಯ," ಎಂದರು ಡಾಕ್ಟರು.

ಮನೆಗೆ ಬಂದು ಹೊಸ್ತಿಲ ಮೇಲೆ ಕೂತಳು. ಯಾರಿಗಾದರೂ ಹೇಳಬೇಕೆನಿಸಿತು. ನೆರೆಯವಳು ಮೇಕೆ ಎಳೆದುಕೊಂಡು ಹೋಗುತ್ತಿದ್ದಳು.

"ಬದುಕ್ತೀನಂತೆ ಅಕ್ಕಾ."

"ಮತ್ತೇನೇ, ಎಲ್ರೂ ಬದುಕ್ತಾ ಇಲ್ವಾ," ಎಂದ ನೆರೆಯವಳು ಮೇಕೆಯನ್ನು ಗದರಿಸುತ್ತ ತಿರುವು ದಾಟಿ ಹೋದಳು.