ಒಪ್ಪತ್ತಿನವಳಿಗೆ ಮೂರು ಹೊತ್ತಿನ ಪ್ಲಾನು

ಗೆಳತಿಯರೇ, ಇವತ್ತು ಹಿಡಕಲ್ ಡ್ಯಾಮಿನ ಹತ್ತಿರದ ರೆಸಾರ್ಟಿನಲ್ಲಿ ರೂಮಿಗಿಂತ ಊಟದ ಮಾತೇ ದೊಡ್ಡದಾಯಿತು. ಮೂರು ಹೊತ್ತಿನ ಊಟಕ್ಕೂ ಮೊದಲೇ ರೊಕ್ಕ ಕಟ್ಟಬೇಕಂತೆ.

“ಇಕೀದು ಸೋಮವಾರ ಒಪ್ಪತ್ತ ಐತಿ. ಒಂದ ಊಟಕ್ಕ ಮೂರರ ರೊಕ್ಕ ಯಾಕ್ರಿ?” ಎಂದರು ನಮ್ಮ ಮನೆಯವರು.

“ಒಪ್ಪತ್ತಿನ ಪ್ಲಾನ್ ಇಲ್ರಿ ಕಾಕಾ,” ಎಂದ ಮ್ಯಾನೇಜರ್.

ಮಗಳು ಬಿಡಲಿಲ್ಲ. “ಅವ್ವ ಒಂದ ದಿನಾರ ಕುಂತ ಉಣ್ಣಲಿ, ಅಪ್ಪಾ,” ಎಂದು ರೊಕ್ಕ ಕಟ್ಟಿಯೇಬಿಟ್ಟಳು.

ಸಂಜೆ ಲಿಂಗಪೂಜೆ ಮುಗಿಸಿ ಊಟಕ್ಕೆ ಕುಳಿತೆ. ಬಿಸಿ ರೊಟ್ಟಿ ತಾನಾಗಿ ತಾಟಿಗೆ ಬಂತು. ಶಿವನಾಣೆ, ಬೇರೆಯವರು ಬಡಿದ ರೊಟ್ಟಿಯ ರುಚಿಯೇ ಬೇರೆ!

ಅಷ್ಟರಲ್ಲಿ ನಮ್ಮವರು ರೂಢಿಯಂತೆ ನನ್ನ ಕಡೆ ತಾಟು ಸರಿಸಿ, “ಒಂದಿಷ್ಟ ಪಲ್ಯಾ ಹಾಕ,” ಎಂದರು.

“ನಾನೂ ಪ್ಲಾನಿನಾಗ ಇದ್ದೇನ್ರಿ,” ಎಂದೆ.

ಮಗಳು ನಕ್ಕಳು. ಅವರೇ ಎದ್ದು ಕೌಂಟರಿಗೆ ಹೋಗಿ ಪಲ್ಯ ಹಾಕಿಸಿಕೊಂಡು ಬಂದರು, ನನಗೂ ತಂದರು. ಮೂರು ಊಟದ ರೊಕ್ಕ ಅಲ್ಲಿಗೇ ವಸೂಲಾಯಿತು.