ಹಸಿರು ಬಣ್ಣದ ಕೆಳಗಿನ ಅಂಕಿ

ಲೆಬನಾನಿನ ಮೀನಾ ಬಂದರಿನಲ್ಲಿ ಲಾರಿಗಳಿಗೂ ದೋಣಿಗಳಿಗೂ ಬೀಗತನ. ಯುದ್ಧದ ವರ್ಷಗಳಲ್ಲಿ ಬಿಡಿಭಾಗ ಸಿಗದೆ ಲಾರಿಯ ಎಂಜಿನ್ ಸಮುದ್ರಕ್ಕಿಳಿಯಿತು, ದೋಣಿಯದು ರಸ್ತೆಗೇರಿತು. ಯಾವುದು ಯಾರ ಮನೆಯದು ಎಂದು ಹೇಳಬಲ್ಲವನು ಮೆಕ್ಯಾನಿಕ್ ನಕೂಲಾ ಒಬ್ಬನೇ.

ಹದಿಮೂರರಲ್ಲಿ ಸ್ಪಾನರ್ ಹಿಡಿದವನಿಗೆ ಈಗ ಎಪ್ಪತ್ತನಾಲ್ಕು. ಕಣ್ಣು ಕೈಕೊಟ್ಟು ನಾಲ್ಕು ವರ್ಷ. ಅಂದಿನಿಂದ ಕೈಯೇ ಕಣ್ಣು. ಅವನಿಗಿದ್ದ ಚಟ ಒಂದೇ. ದೋಣಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಭಾವಮೈದುನನಿಂದ ತಂದು, ದುರಸ್ತಿಯಾದ ಪ್ರತಿ ಎಂಜಿನ್ನಿಗೂ ಬಳಿಯುತ್ತಿದ್ದ. ಹಾಗೇ ಕೊಟ್ಟರೆ ಮಗುವಿಗೆ ಸ್ನಾನ ಮಾಡಿಸಿ ಬಟ್ಟೆ ತೊಡಿಸದೆ ಕಳಿಸಿದಂತೆ ಎಂಬುದು ಅವನ ವಾದ. ಹೆಂಡತಿಯ ಹೊಲಿಗೆ ಯಂತ್ರವೂ ಆ ಹಸಿರು ಬಟ್ಟೆಯಿಂದ ತಪ್ಪಿಸಿಕೊಂಡಿರಲಿಲ್ಲ.

ಆ ಭಾನುವಾರ ಹಳೆಯ ವಾಹನಗಳ ಮೆರವಣಿಗೆ. ಹುಟ್ಟುವಾಗ ಇದ್ದ ಎಂಜಿನ್ನೇ ಇರಬೇಕು ಎಂಬುದು ನಿಯಮ. ತೀರಿಹೋದ ಅಪ್ಪನ ೧೯೫೨ರ ಷೆವರ್ಲೆ ಲಾರಿಯನ್ನು ವಿಸಾಲ್ ತಾನೇ ಓಡಿಸಿಕೊಂಡು ಬಂದಿದ್ದಳು. "ಅದರದ್ದೇ ಎಂಜಿನ್, ನನ್ನ ಮಾತು," ಎಂದು ನಕೂಲಾ ಕಾಫಿ ಅಂಗಡಿಯ ತುಂಬ ಸಾರಿಬಿಟ್ಟಿದ್ದ.

ಬೈರೂತಿನಿಂದ ಪರೀಕ್ಷೆಗೆ ಬಂದ ಇಂಜಿನಿಯರ್ ನದೀಮ್ ಬಾನೆಟ್ ಎತ್ತಿದವನೇ ಮುಖ ಸಿಂಡರಿಸಿದ.

"ಇದು ದೋಣಿ ಬಣ್ಣ. ದೋಣಿ ಎಂಜಿನ್ ತಂದು ಕೂರಿಸಿದ್ದಾರೆ. ಆಗಲ್ಲಮ್ಮ."

ಕಾಫಿ ಅಂಗಡಿಯ ಜುರ್ಜಿ ನಕೂಲಾನತ್ತ ಕೂಗಿದ: "ಏನ್ ಮುಅಲ್ಲಿಮ್, ದೊಡ್ಡ ಮೇಸ್ತ್ರಿ, ಲಾರಿಗೆ ಲಂಗರು ಬೇಕಾ?"

ವಿಸಾಲ್ ಲಾರಿಯ ಬಾಗಿಲಿಗೆ ಕೈ ಹಾಕಿದಳು. "ಹೋಗ್ಲಿ ಬಿಡಿ ಮಾಮ, ವಾಪಸ್ ಹೋಗ್ತೀನಿ."

"ಎಲ್ಲಿಗ್ ಹೋಗ್ತೀಯಾ? ನಿಲ್ಲು." ನಕೂಲಾ ಅಂಗಿಯ ತೋಳು ಮಡಿಚಿ ಎಂಜಿನ್ ಮೇಲೆ ಬಾಗಿದ. ಕಿವಿ ಬಿಸಿಯಾಗಿತ್ತು, ಆ ಹಸಿರು ತನ್ನದೇ ಕೈಕೆಲಸ. ಬೆರಳು ಮೇಲ್ಮುಚ್ಚಳ ಸವರಿತು. "ಮುಚ್ಚಳದ ನೆತ್ತಿ ಮೇಲೆ ಎರಡೇ ನಟ್ಟು. ಆಮೇಲೆ ಬಂದ ದೊಡ್ಡ ಎಂಜಿನ್ನಿಗೆ ಅಂಚಿನಲ್ಲಿ ನಾಲ್ಕು. ಇದು ಆ ಕಾಲದ್ದೇ ಕಣಪ್ಪ."

"ಆ ಕಾಲದ್ದು ಅಂದ್ರೆ ಈ ಲಾರಿದು ಅಂತ ಆಯ್ತಾ?"

ನ್ಯಾಯವಾದ ಪ್ರಶ್ನೆ. ನಕೂಲಾ ಡಿಸ್ಟ್ರಿಬ್ಯೂಟರಿನ ಪಕ್ಕ ಹುಡುಕಿ, ಎಂಜಿನ್ ಸಂಖ್ಯೆ ಕೊರೆದಿರುವ ಹೆಬ್ಬೆರಳಗಲದ ಸಪಾಟು ಜಾಗ ಸಿಕ್ಕಿದೊಡನೆ ಚಾಕು ಕೇಳಿದ. ಮೆಲ್ಲಗೆ ಕೆರೆದ. ಹಸಿರಿನ ಕೆಳಗೆ ಹಸಿರು, ಅದರ ಕೆಳಗೂ ಹಸಿರು.

"ಎಷ್ಟು ಸಲ ಬಳಿದಿದ್ದೀರಿ?" ನದೀಮ್ ಕೇಳಿದ.

"ಬಂದಾಗೆಲ್ಲ. ಇವಳಪ್ಪ ಕಾಫಿ ಮುಗಿಸೋವರೆಗೆ ನಂಗೇನು ಕೆಲಸ?"

ಕೊನೆಗೆ ಕಬ್ಬಿಣ ಕಂಡಿತು. ನಕೂಲಾನಿಗೆ ಕಾಣಲಿಲ್ಲ, ಬೆರಳಿಗೆ ತಾಕಿತು. "ಓದು," ಎಂದ. ವಿಸಾಲ್ ಲಾರಿಯ ಹಳೇ ನೋಂದಣಿ ಕಾಗದ ಬಿಚ್ಚಿ ಹಿಡಿದಳು. ನದೀಮ್ ಒಂದೊಂದೇ ಅಂಕಿ ಓದಿದ. ಅವಳು ಕಾಗದದ ಮೇಲೆ ಬೆರಳಿಟ್ಟು ಹೂಂ, ಹೂಂ ಎಂದಳು. ಕೊನೆಯ ಅಂಕಿಯೂ ಹೊಂದಿತು, ಅವಳು ಕಾಗದವನ್ನೇ ನದೀಮನ ಕೈಗೆ ಕೊಟ್ಟಳು.

ಜುರ್ಜಿ ತಾನಾಗಿ ಕಾಫಿ ತಂದಿಟ್ಟ. ನದೀಮ್ ಮೆರವಣಿಗೆಯ ಒಪ್ಪಿಗೆ ಚೀಟಿಗೆ ಸಹಿ ಹಾಕಿ, "ಮುಅಲ್ಲಿಮ್, ಅಲ್ಲಿ ಇನ್ನೂ ಎರಡು ಗಾಡಿ ಇವೆ. ಒಂಚೂರು ಕೈ ಇಟ್ಟು ನೋಡ್ತೀರಾ?" ಎಂದ.

"ಬರ್ತೀನಿ ಇರು. ಇದಕ್ಕೆ ತುಕ್ಕು ಹಿಡಿಯುತ್ತೆ." ನಕೂಲಾ ವಿಸಾಲಳಿಂದ ಬಣ್ಣದ ಡಬ್ಬಿ ತರಿಸಿದ. ಕೆರೆದ ಜಾಗದ ಸುತ್ತ ಹಸಿರು ಬಳಿದ. ಅಂಕಿಗಳ ಮೇಲೆ ಮಾತ್ರ ಎಣ್ಣೆ ಸವರಿ, ಅವನ್ನು ಬಯಲಿಗೇ ಬಿಟ್ಟ.